ಕುಸ್ಕೊ: ಗೋಡೆಯ ಕಲ್ಲು, ಮಾತಿನ ಉಚ್ಚಾರ

ಪೆರು ದೇಶದ ಆಂಡೀಸ್ ಪರ್ವತಗಳ ನಡುವೆ, ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿರುವ ಕುಸ್ಕೊ ನಗರಕ್ಕೆ ಬಂದಿಳಿದ ಪ್ರವಾಸಿಗೆ ಮೊದಲು ಎದುರಾಗುವುದು ಏದುಸಿರು. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲಬೇಕಾಗುತ್ತದೆ. ಹಾಗೆ ನಿಂತವನಿಗೆ ಗೋಡೆಗಳನ್ನು ನೋಡಲು ಬಿಡುವು ದೊರೆಯುವುದೂ ಒಂದು ಲಾಭವೇ. ಹಾತುನ್ ರುಮಿಯೋಕ್ ಎಂಬ ಇಕ್ಕಟ್ಟಾದ ಬೀದಿಯಲ್ಲಿ ಗೋಡೆಯ ಕೆಳಭಾಗವು ಗಾರೆಯ ಸೋಂಕಿಲ್ಲದೆ ಒಂದಕ್ಕೊಂದು ಕೂಡಿಸಿದ ಇಂಕಾ ಕಾಲದ ಕಲ್ಲುಗಳದು. ಹನ್ನೆರಡು ಮೂಲೆಗಳ ಪ್ರಸಿದ್ಧ ಶಿಲೆ ಇರುವುದು ಇಲ್ಲಿಯೇ. ಅದರ ಮೇಲೆ ಎದ್ದಿರುವುದು ಆರ್ಚ್‌ಬಿಷಪ್ಪರ ಅರಮನೆ.

1533ರ ನವೆಂಬರ್‌ನಲ್ಲಿ ಫ್ರಾನ್ಸಿಸ್ಕೊ ಪಿಸಾರೊ ಈ ರಾಜಧಾನಿಯನ್ನು ಹೊಕ್ಕನು. ವಿಜೇತರು ಊರನ್ನು ಅಳಿಸಲಿಲ್ಲ. ಅದರ ಮೇಲೆ ತಮ್ಮ ಊರನ್ನು ಕಟ್ಟಿದರು. ಸೂರ್ಯದೇವಾಲಯವಾದ ಕೊರಿಕಾಂಚದ ಮೇಲೆ ಸಾಂತೊ ಡೊಮಿಂಗೊ ಮಠವೆದ್ದಿತು. 1950ರ ಮೇ ತಿಂಗಳ ಭೂಕಂಪದಲ್ಲಿ ಮಠದ ಬಹುಭಾಗ ಕುಸಿದಾಗ, ಒಳಗೆ ಅಡಗಿದ್ದ ಇಂಕಾ ಗೋಡೆಗಳು ಅಲುಗದೆ ನಿಂತದ್ದು ಕಂಡುಬಂದಿತು.

ಕಲ್ಲಿಗೆ ಒದಗಿದ ಈ ಭಾಗ್ಯ ಮಾತಿಗೆ ಒದಗಿತೇ? ಇದನ್ನು ತಿಳಿಯಲು, ಇಂದು ವಸ್ತುಸಂಗ್ರಹಾಲಯವಾಗಿರುವ ಗಾರ್ಸಿಲಾಸೊನ ಮನೆಗೆ ಹೋಗಬೇಕು. ಇಂಕಾ ಗಾರ್ಸಿಲಾಸೊ ದೆ ಲಾ ವೇಗ 1539ರಲ್ಲಿ ಕುಸ್ಕೊದಲ್ಲಿ ಹುಟ್ಟಿದವನು. ತಂದೆ ಸ್ಪೇನಿನ ಸೇನಾನಿ, ತಾಯಿ ಇಂಕಾ ರಾಜವಂಶದವಳು, ತಾಯ್ನುಡಿ ಕೆಚುವಾ. 1560ರಲ್ಲಿ ಸ್ಪೇನಿಗೆ ಹೋದವನು ಮರಳಿ ಬರಲಿಲ್ಲ. ಇಂಕಾ ಚರಿತ್ರೆಯನ್ನು ಕುರಿತ ಅವನ ಗ್ರಂಥ 1609ರಲ್ಲಿ ಲಿಸ್ಬನ್‌ನಲ್ಲಿ ಅಚ್ಚಾಯಿತು. ಗ್ರಂಥದ ಆರಂಭದಲ್ಲಿಯೇ ಅವನು ಕೆಚುವಾ ಉಚ್ಚಾರಣೆಯನ್ನು ವಿವರಿಸುತ್ತಾನೆ; ಚರಿತ್ರಕಾರನೊಬ್ಬ ವೈಯಾಕರಣನಂತೆ ಮಾತು ತೊಡಗಿದ್ದು ಸಕಾರಣವಾಗಿದೆ.

‘ವಾಕ’ ಎಂಬ ಶಬ್ದವನ್ನೇ ನೋಡಬಹುದು. ಪವಿತ್ರವಾದುದೆಲ್ಲವೂ, ದೇಗುಲ, ಬೆಟ್ಟ, ಬಂಡೆ, ಅಸಾಮಾನ್ಯವಾದ ವಸ್ತು, ಈ ಶಬ್ದದ ವ್ಯಾಪ್ತಿಯೊಳಗಿವೆ. ಕೊನೆಯ ಅಕ್ಷರವನ್ನು ಗಂಟಲಿನ ಆಳದಿಂದ ಉಚ್ಚರಿಸಿದರೆ ಅದು ‘ಅಳು’ ಎಂಬರ್ಥದ ಬೇರೊಂದು ಪದ. ಈ ಭೇದವು ಕಿವಿಗೆ ಬೀಳದ ಸ್ಪಾನಿಷ್ ಲೇಖಕರು, ಜನರು ಅಳುತ್ತಾ ದೇಗುಲವನ್ನು ಹೊಗುತ್ತಾರೆಂದು ಬರೆದರೆಂಬುದು ಗಾರ್ಸಿಲಾಸೊನ ಆಕ್ಷೇಪ. ‘ಹುಲಿ’ಗೂ ‘ಹುಳಿ’ಗೂ ಅಂತರವರಿಯದವನು ನಮ್ಮ ಅಡುಗೆಮನೆಯನ್ನು ವರ್ಣಿಸಿದರೆ ಹೇಗಿದ್ದೀತೋ ಹಾಗೆ!

ಆ ನುಡಿಗೆ ಮುಂದೆ ಇನ್ನೂ ಕಠಿಣವಾದ ದಿನಗಳು ಬಂದವು. ಸ್ಪಾನಿಷ್ ಆಡಳಿತದ ವಿರುದ್ಧ ದಂಗೆಯೆದ್ದ ಎರಡನೆಯ ತುಪಾಕ್ ಅಮಾರುವನ್ನು 1781ರ ಮೇ 18ರಂದು ಕುಸ್ಕೊದ ಮುಖ್ಯ ಚೌಕದಲ್ಲಿ ವಧಿಸಲಾಯಿತು. ಅದರ ಜೊತೆಗೆ ಇಂಕಾ ಉಡುಪು, ಇಂಕಾ ಅರಸರ ನೆನಪಿನ ನಾಟಕಗಳು ನಿಷಿದ್ಧವಾದವು. ಜನ ಕೆಚುವಾ ಬಿಟ್ಟು ಸ್ಪಾನಿಷ್ ಕಲಿಯತಕ್ಕದ್ದೆಂಬ ಆಜ್ಞೆ ಹೊರಟಿತು. ಗಾರ್ಸಿಲಾಸೊನ ಗ್ರಂಥದ ಪ್ರತಿಗಳನ್ನೂ ಜನರ ಕೈಗೆ ಸಿಗದಂತೆ ಮಾಡಲು ಅಪ್ಪಣೆಯಾಯಿತು. ಪೆರುವಿನಲ್ಲಿ ಕೆಚುವಾ ಆಡಳಿತಭಾಷೆಯ ಮನ್ನಣೆ ಪಡೆದದ್ದು 1975ರಲ್ಲಿ. ಕುಸ್ಕೊದ ಸಂತೆಯಲ್ಲಿ ಅದು ಈಗಲೂ ಕೇಳಿಬರುತ್ತದೆ.

ಕನ್ನಡ ವಿದ್ಯಾರ್ಥಿಗೆ ಆ ಭಾಷೆಯ ರಚನೆ ಅಪರಿಚಿತವೆನಿಸದು. ‘ವಸಿ’ ಎಂದರೆ ಮನೆ, ‘ವಸಿಕುನ’ ಮನೆಗಳು, ‘ವಸಿಕುನಪಿ’ ಮನೆಗಳಲ್ಲಿ. ಪ್ರಕೃತಿ, ಬಹುವಚನ, ವಿಭಕ್ತಿ: ಅದೇ ಕ್ರಮ. ಮೇಲೆ ಹೇಳಿದ ಬೀದಿಯ ಹೆಸರೂ ಹೀಗೆಯೇ ಬಿಡಿಸಿಕೊಳ್ಳುತ್ತದೆ: ಹಾತುನ್ ದೊಡ್ಡ, ರುಮಿ ಕಲ್ಲು, ಯೋಕ್ ಉಳ್ಳ, ದೊಡ್ಡ ಕಲ್ಲುಳ್ಳದ್ದು. ಇದು ರಚನೆಯ ಸಾಮ್ಯವೇ ಹೊರತು ರಕ್ತಸಂಬಂಧವಲ್ಲ.

ಇನ್ನೊಂದು ಅಂಶ ಗಡಿಯ ವಿದ್ಯಾರ್ಥಿಗಳಿಗೆ ವಿಶೇಷವಾಗಿ ನಿಲುಕುವಂಥದು. ಕೇಳುವವನನ್ನು ಸೇರಿಸಿಕೊಂಡ ‘ನಾವು’ ಕೆಚುವಾದಲ್ಲಿ ‘ನೊಕಂಚಿಸ್’. ಅವನನ್ನು ಹೊರಗಿಟ್ಟದ್ದು ‘ನೊಕಯ್ಕು’. ತಮಿಳಿನ ‘ನಾಂ’, ‘ನಾಂಗಳ್’, ತೆಲುಗಿನ ‘ಮನಂ’, ‘ಮೇಮು’ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಇಂದಿನ ಕನ್ನಡದಂತೆ ಸ್ಪಾನಿಷ್‌ನಲ್ಲಿಯೂ ಎರಡಕ್ಕೂ ಒಂದೇ ಮಾತು. ತಂದೆಯ ಕಡೆಯಿಂದ ಗೆದ್ದವರಲ್ಲೊಬ್ಬನೂ ತಾಯಿಯ ಕಡೆಯಿಂದ ಸೋತವರಲ್ಲೊಬ್ಬನೂ ಆಗಿದ್ದ ಗಾರ್ಸಿಲಾಸೊ ತನ್ನ ಗ್ರಂಥವನ್ನು ಬರೆದದ್ದು ಆ ಸ್ಪಾನಿಷ್‌ನಲ್ಲಿ. ಅವನು ‘ನಾವು’ ಎಂದೆಡೆಯಲ್ಲೆಲ್ಲ ಅದು ಯಾವ ‘ನಾವು’ ಎಂಬುದನ್ನು ಓದುಗನೇ ಸಂದರ್ಭದಿಂದ ಅರಿಯಬೇಕು.