ನಾಲ್ಕು ಕಾರ್ಡು, ಒಂದು ಪೂರ್ತಿ ಹಾಡು

ಸಾನಪಾಡಾದಲ್ಲಿ ಸಂಜೆ ಹೊತ್ತು ಗಿಟಾರ್ ಹೇಳಿಕೊಡುತ್ತೇನೆ. ಶಾಲೆ ಮಕ್ಕಳೂ ಬರುತ್ತಾರೆ, ಆಫೀಸು ಮುಗಿಸಿ ಹಾರ್ಬರ್ ಲೈನಿನಲ್ಲಿ ಇಳಿದು ನೆಟ್ಟಗೆ ಬರುವವರೂ ಇದ್ದಾರೆ. ಎಲ್ಲರಿಗೂ ಮೊದಲು ಕೊಡುವ ಹಾಡು ಒಂದೇ: ಬೆನ್ ಇ. ಕಿಂಗ್ ಹಾಡಿರುವ, 1961ರಲ್ಲಿ ಬಂದ ‘ಸ್ಟ್ಯಾಂಡ್ ಬೈ ಮಿ’.

1. ಒಂದು ಹಾಡನ್ನು ದಡ ಮುಟ್ಟಿಸಿ. ‘ಚುರಾ ಲಿಯಾ’ದ ಶುರುವಿನ ಗಿಟಾರ್ ಎಲ್ಲರಿಗೂ ಬೇಕು; ಅದಾದ ಮೇಲೇನು ಎಂದರೆ ಕೈ ನಿಂತುಬಿಡುತ್ತದೆ. ‘ಸ್ಟ್ಯಾಂಡ್ ಬೈ ಮಿ’ಯಲ್ಲಿ ಎಂಟು ಬಾರ್‌ಗಳ ಒಂದೇ ಸುತ್ತು ಮೊದಲಿಂದ ಕೊನೆವರೆಗೆ ತಿರುಗುತ್ತದೆ: ಜಿ ಎರಡು ಬಾರ್, ಇ ಮೈನರ್ ಎರಡು, ಸಿ ಒಂದು, ಡಿ ಒಂದು, ಮತ್ತೆ ಜಿ ಎರಡು. ಸುತ್ತು ಕೈಗೆ ಹತ್ತಿದರೆ ಹಾಡು ಪೂರ್ತಿ ನಿಮ್ಮದು.

2. ಯಾವ ಬೆರಳು ಏಳಬಾರದು ಎಂದು ಮೊದಲು ನೋಡಿ. ನನ್ನ ಪಾಠದ ಮುಕ್ಕಾಲು ಪಾಲು ಇದೇ. ಜಿ ಹಿಡಿಯುವಾಗ ನಾಲ್ಕೂ ಬೆರಳು ಬಳಸಿ: ತೋರುಬೆರಳು ಐದನೇ ತಂತಿಯ ಎರಡನೇ ಫ್ರೆಟ್, ನಡುಬೆರಳು ಆರನೆಯದರ ಮೂರು, ಉಂಗುರಬೆರಳು ಎರಡನೆಯದರ ಮೂರು, ಕಿರುಬೆರಳು ಒಂದನೆಯದರ ಮೂರು. ಇ ಮೈನರ್‌ಗೆ ಹೋಗುವಾಗ ತೋರುಬೆರಳು ಅಲ್ಲೇ ಇರಲಿ. ನಡುಬೆರಳು ನಾಲ್ಕನೇ ತಂತಿಯ ಎರಡಕ್ಕೆ ಬರಲಿ, ಉಳಿದೆರಡು ಏಳಲಿ. ಅಲ್ಲಿಂದ ಸಿಗೆ ಹೋದಾಗ ನಡುಬೆರಳು ಕದಲುವುದಿಲ್ಲ. ಡಿಯಿಂದ ಜಿಗೆ ಮರಳುವಾಗ ಉಂಗುರಬೆರಳು ಇದ್ದಲ್ಲೇ ಇರುತ್ತದೆ. ಆಧಾರವಿಲ್ಲದ ಜಿಗಿತ ಸಿಯಿಂದ ಡಿಗೆ ಮಾತ್ರ. ಅಭ್ಯಾಸದ ಹೊತ್ತನ್ನೆಲ್ಲ ಅದಕ್ಕೇ ಸುರಿಯಿರಿ, ಮಿಕ್ಕದ್ದು ತಾನಾಗಿ ಬರುತ್ತದೆ.

“ಸರ್, ಬೆರಳು ಉರೀತಿದೆ” ಅಂದರೆ ಮೊದಲು ಕೇಳುವುದು ಫ್ರೆಟ್‌ನ ಕಂಬಿಗೆ ಹತ್ತಿರ ಒತ್ತುತ್ತಿದ್ದೀರಾ ಅಂತ. ಹತ್ತಿರ ಒತ್ತಿದಷ್ಟೂ ಕಡಿಮೆ ಬಲ ಸಾಕು.

3. ಬಲಗೈ ನಿಲ್ಲಬಾರದು. ಎಡಗೈ ತಡವಾದರೆ ಆಗಲಿ, ಖಾಲಿ ತಂತಿಯೇ ನುಡಿಯಲಿ. ಕೇಳುವವರು ತಪ್ಪು ಕಾರ್ಡನ್ನು ಕ್ಷಮಿಸುತ್ತಾರೆ, ಮುರಿದ ಲಯವನ್ನಲ್ಲ. ಲೋಕಲ್‌ನಲ್ಲಿ ಕೂರಲು ಜಾಗ ಸಿಕ್ಕರೆ ತೊಡೆಯ ಮೇಲೆ ನಾಲ್ಕು ಎಣಿಕೆ ತಟ್ಟುತ್ತಾ ಬನ್ನಿ, ಅದೂ ಅಭ್ಯಾಸವೇ. ರಾತ್ರಿ ಪಕ್ಕದ ಮನೆಯವರಿಗೆ ತೊಂದರೆಯಾಗುವಂತಿದ್ದರೆ ಬ್ರಿಡ್ಜ್ ಹತ್ತಿರ ತಂತಿಗಳಡಿ ಮಡಚಿದ ಕರವಸ್ತ್ರ ತೂರಿಸಿ. ಸದ್ದು ತಗ್ಗುತ್ತದೆ, ಲಯ ಕೇಳುತ್ತಲೇ ಇರುತ್ತದೆ.

4. ಹಾಡುತ್ತಲೇ ಬಾರಿಸಿ. ಮೂಲ ಹಾಡು ಎ ಮೇಜರ್‌ನಲ್ಲಿದೆ. ಎರಡನೇ ಫ್ರೆಟ್‌ಗೆ ಕೇಪೋ ಹಾಕಿದರೆ ಇದೇ ಹಿಡಿತದಲ್ಲಿ ಆ ಶ್ರುತಿ ಸಿಗುತ್ತದೆ. ನಿಮ್ಮ ಗಂಟಲಿಗೆ ಒಗ್ಗದಿದ್ದರೆ ಕೇಪೋ ಸರಿಸಿ. ಧ್ವನಿಮುದ್ರಿಕೆಯಲ್ಲಿ ಹಾಡು ಮೆಲ್ಲಗೆ ಕರಗಿ ಮುಗಿಯುತ್ತದೆ, ಮನೆಯಲ್ಲಿ ಹಾಗಾಗದು. ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ ಅಭ್ಯಾಸ ಮಾಡಿ: ಕೊನೆಯ ಜಿಯನ್ನು ಒಮ್ಮೆ ಎಳೆದು ಬಿಡಿ.

5. ಮಳೆಗಾಲದಲ್ಲಿ ಗಿಟಾರನ್ನು ಗೋಡೆಗೆ ಒರಗಿಸಿಡಬೇಡಿ. ಇಲ್ಲಿನ ತೇವಕ್ಕೆ ಮರ ಉಬ್ಬುತ್ತದೆ, ತಂತಿ ತುಕ್ಕು ಹಿಡಿಯುತ್ತದೆ. ಕೇಸಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ, ಬಾರಿಸಿದ ಮೇಲೆ ಒಣ ಬಟ್ಟೆಯಿಂದ ಒಂದು ಒರೆಸು.

6. ಕನ್ನಡ ಹಾಡು ಎರಡನೆಯದಾಗಿರಲಿ. ಕನ್ನಡದ ಮನೆಗಳಿಂದ ಬರುವ ಮಕ್ಕಳ ಅಪ್ಪ-ಅಮ್ಮಂದಿರು ‘ಗೀತಾ’ (1981) ಇಲ್ಲವೇ ‘ಪಲ್ಲವಿ ಅನುಪಲ್ಲವಿ’ (1983) ಚಿತ್ರದ ಹಾಡು ಕೇಳುತ್ತಾರೆ. ಎರಡೂ ಇಳಯರಾಜಾ ಅವರ ಸಂಗೀತ, ಕೇಳಿದಾಗ ನನಗೂ ಖುಷಿ. ಆದರೆ ಇಲ್ಲಿ ಒಂದೇ ಸುತ್ತು ನಡೆಯದು. ಪಲ್ಲವಿಗೂ ಚರಣಕ್ಕೂ ನಡುವೆ ವಾದ್ಯಗಳದೇ ಒಂದು ಲೋಕವಿದೆ, ಒಂಟಿ ಗಿಟಾರ್ ಅದನ್ನು ತುಂಬಲಾರದು. ನಾನು ಹೇಳುವ ದಾರಿ: ಪೆನ್ಸಿಲ್ ಹಿಡಿದು ಹಾಡು ಕೇಳಿ, ಆ ನಡುಭಾಗ ಎಷ್ಟು ಬಾರ್ ಎಂದು ಗೆರೆ ಹಾಕಿಕೊಳ್ಳಿ. ಬಾರಿಸುವಾಗ ಅದನ್ನು ನಾಲ್ಕೇ ಬಾರ್‌ಗೆ ಇಳಿಸಿ, ಪಲ್ಲವಿಯ ಕಾರ್ಡನ್ನೇ ಲಯ ತಪ್ಪದೆ ನುಡಿಸಿ, ಚರಣ ಎತ್ತಿಕೊಳ್ಳಿ.