ಸಿದ್ಧ ತುಣುಕುಗಳ ಸಂಗ್ರಹ: ಗಣಕದ ದಿನಬಳಕೆಗೊಂದು ಪಾಠ

ಬಡ್ಡಿಯ ಕೋಷ್ಟಕವನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಟ್ಟುಕೊಂಡು ವ್ಯವಹರಿಸುತ್ತಿದ್ದ ಹಿಂದಿನ ವರ್ತಕನು ಪ್ರತಿಯೊಂದು ಸಾಲಕ್ಕೂ ಹೊಸದಾಗಿ ಲೆಕ್ಕ ಹಾಕುತ್ತಿರಲಿಲ್ಲ. ಒಮ್ಮೆ ಸರಿಯಾಗಿ ಮಾಡಿದ ಲೆಕ್ಕವನ್ನು ಮತ್ತೆ ಮತ್ತೆ ಬಳಸುವುದೇ ಅವನ ಜಾಣತನ. ಇಂದಿನ ಗಣಕಯಂತ್ರದ ಕೆಲಸದಲ್ಲಿ ಆ ಕೋಷ್ಟಕದ ಸ್ಥಾನವು ಕೋಡ್ ತುಣುಕಿಗೆ ದೊರೆತಿದೆ. ಎಕ್ಸೆಲ್ ಹಾಳೆಯ ಒಂದು ಸೂತ್ರ, ಒಂದು ಮ್ಯಾಕ್ರೊ, ಪೈಥಾನ್ ಭಾಷೆಯ ಹತ್ತು ಸಾಲು, ಇವೆಲ್ಲವೂ ತುಣುಕುಗಳೇ.

ತಾಪಿ ನದಿಯು ಸಮುದ್ರವನ್ನು ಸೇರುವೆಡೆಯಲ್ಲಿರುವ ಹಜೀರಾದಲ್ಲಿ ಅನಿಲ, ಗೊಬ್ಬರ, ಉಕ್ಕು ಹಾಗೂ ಬಂದರಿನ ಉದ್ಯಮಗಳಿವೆ. ಇಂಥ ಕೈಗಾರಿಕಾ ನೆಲೆಯಲ್ಲಿ ಹಾಜರಿ, ಉಗ್ರಾಣದ ದಾಸ್ತಾನು, ಬಿಲ್ಲು, ಸಂಘದ ಚಂದಾ ಎಲ್ಲವೂ ತಿಂಗಳು ತಿಂಗಳೂ ಮರಳಿ ಬರುವ ಕೆಲಸಗಳು. ಆದುದರಿಂದ ತುಣುಕುಗಳ ಸಂಗ್ರಹವು ಪ್ರೋಗ್ರಾಂ ರಚನೆಯೇ ವೃತ್ತಿಯಾದವರಿಗೆ ಮಾತ್ರ ಸಂಬಂಧಿಸಿದುದಲ್ಲ. ಆದರೆ ಸಂಗ್ರಹಕ್ಕೂ ಒಂದು ಕ್ರಮವುಂಟು. ವೋಚರಿಲ್ಲದ ಜಮಾಖರ್ಚು ಹೇಗೆ ನಂಬಿಕೆಗೆ ಅರ್ಹವಲ್ಲವೋ, ಆಧಾರವಿಲ್ಲದ ತುಣುಕೂ ಹಾಗೆಯೇ.

ಹಿನ್ನೆಲೆ

ಈ ಪದ್ಧತಿ ಗಣಕಯಂತ್ರದಷ್ಟೇ ಹಳೆಯದು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ 1949ರಲ್ಲಿ ಕೆಲಸ ಆರಂಭಿಸಿದ ಎಡ್ಸಾಕ್ ಗಣಕಕ್ಕೆ ಮಾರಿಸ್ ವಿಲ್ಕ್ಸ್, ಡೇವಿಡ್ ವ್ಹೀಲರ್ ಮತ್ತು ಸ್ಟ್ಯಾನ್ಲಿ ಗಿಲ್ ಅವರು ಸಿದ್ಧ ಉಪಕ್ರಮವಿಧಿಗಳ ಭಂಡಾರವನ್ನೇ ಕಟ್ಟಿದರು. ರಂಧ್ರ ಕೊರೆದ ಕಾಗದದ ಪಟ್ಟಿಗಳನ್ನು ಕಪಾಟಿನಲ್ಲಿ ವಿಂಗಡಿಸಿ ಇಡಲಾಗುತ್ತಿತ್ತು. 1951ರ ವೇಳೆಗೆ ಅವುಗಳ ಸಂಖ್ಯೆ 87 ಆಗಿತ್ತು. ಅದೇ ವರ್ಷ ಮೂವರೂ ಸೇರಿ ಪ್ರಕಟಿಸಿದ ಗ್ರಂಥದಲ್ಲಿ ಅವುಗಳ ವಿವರಣೆಯೂ ಸೇರಿತ್ತು. ತುಣುಕಿನೊಡನೆ ವಿವರಣೆಯನ್ನೂ ಇಡಬೇಕೆಂಬ ಪಾಠ ಅಲ್ಲಿಂದಲೇ ಆರಂಭವಾಗುತ್ತದೆ.

ರಾತ್ರಿ ಪಾಳಿಯ ಲೆಕ್ಕ

ಕಾರ್ಖಾನೆಯ ಹಾಜರಿಯಿಂದಲೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಬೆಳಗಿನ ಪಾಳಿ 6ರಿಂದ 14 ಗಂಟೆಯವರೆಗೆ. ಕೊನೆಯ ವೇಳೆಯಿಂದ ಆರಂಭದ ವೇಳೆಯನ್ನು ಕಳೆದರೆ 8 ಗಂಟೆ ದೊರೆಯುತ್ತದೆ. ರಾತ್ರಿ ಪಾಳಿ 22ರಿಂದ 6 ಗಂಟೆಯವರೆಗೆ. ಇಲ್ಲಿ ಅದೇ ಸೂತ್ರವು ಋಣ 16 ಎಂಬ ಉತ್ತರವನ್ನು ಕೊಡುತ್ತದೆ. ಉತ್ತರವು ಸೊನ್ನೆಗಿಂತ ಕಡಿಮೆಯಾದಲ್ಲಿ 24 ಕೂಡಿಸಬೇಕೆಂಬ ಒಂದು ಮಾತನ್ನು ಸೇರಿಸಿದರೆ 8 ಗಂಟೆ ಸರಿಯಾಗಿ ಬರುತ್ತದೆ. ಈ ತುಣುಕನ್ನು ಕಾದಿಡುವಾಗ ಮೂರೂ ಪಾಳಿಗಳ ಲೆಕ್ಕವನ್ನು ಪರೀಕ್ಷೆಯಾಗಿ ಅದರ ಕೆಳಗೇ ಬರೆದಿಡತಕ್ಕದ್ದು. ಅದರ ಮಿತಿಯನ್ನೂ ಬರೆಯಬೇಕು: ಇಪ್ಪತ್ತನಾಲ್ಕು ಗಂಟೆ ಅಥವಾ ಅದಕ್ಕೂ ಮೀರಿದ ಕರ್ತವ್ಯಕ್ಕೆ ಇದು ಸಲ್ಲದು.

ನಿಯಮವು ಬದಲಾದಾಗ

ಕೆಲವು ತುಣುಕುಗಳಲ್ಲಿ ಗಣಿತ ಸರಿಯಿದ್ದರೂ ನಿಯಮ ಹಳತಾಗಿರುತ್ತದೆ. ಉಳಿತಾಯ ಖಾತೆಯ ಬಡ್ಡಿಯನ್ನು ಮೊದಲು ತಿಂಗಳ 10ನೆಯ ತಾರೀಖಿನಿಂದ ಕೊನೆಯ ದಿನದವರೆಗಿನ ಕನಿಷ್ಠ ಶಿಲ್ಕಿನ ಮೇಲೆ ಲೆಕ್ಕ ಮಾಡಲಾಗುತ್ತಿತ್ತು. 2010ರ ಏಪ್ರಿಲ್ 1ರಿಂದ ಪ್ರತಿದಿನದ ಶಿಲ್ಕಿನ ಮೇಲೆ ಲೆಕ್ಕ ಮಾಡುವ ಪದ್ಧತಿ ಜಾರಿಗೆ ಬಂದಿತು. 2009ರ ತುಣುಕು ಇಂದಿಗೂ ತಡವರಿಸದೆ ಉತ್ತರ ಕೊಡುತ್ತದೆ, ಆದರೆ ಆ ಉತ್ತರ ತಪ್ಪು. ತುಣುಕಿನ ತಲೆಯ ಮೇಲೆ ತಾರೀಖನ್ನೂ ಅದು ಅನುಸರಿಸಿದ ನಿಯಮವನ್ನೂ ಬರೆದಿದ್ದರೆ ಮಾತ್ರ ಓದುವವನು ಎಚ್ಚರಗೊಳ್ಳುತ್ತಾನೆ.

ಹೆಸರು, ದರ, ಸಂಕೇತ ಮುಂತಾದ ಬದಲಾಗುವ ವಿವರಗಳನ್ನು ತುಣುಕಿನ ಒಳಗೆ ಹುದುಗಿಸದೆ ಬೇರೆ ಪಟ್ಟಿಯಲ್ಲಿ ಇಡುವುದೂ ಅಗತ್ಯ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು, ವಡೋದರೆಯಲ್ಲಿ ಪ್ರಧಾನ ಕಚೇರಿಯುಳ್ಳ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಐ.ಎಫ್.ಎಸ್. ಸಂಕೇತದ 11 ಸ್ಥಾನಗಳಲ್ಲಿ ಮೊದಲ ನಾಲ್ಕು ಬ್ಯಾಂಕನ್ನು ಸೂಚಿಸುತ್ತವೆ. ಐದನೆಯದು ಸೊನ್ನೆ, ಉಳಿದ ಆರು ಶಾಖೆಯವು. ಆದ್ದರಿಂದ ವಿಲೀನದ ಬಳಿಕ ಶಾಖೆಗಳ ಸಂಕೇತಗಳು ಬದಲಾಗಬೇಕಾಯಿತು. ಸಂಕೇತಗಳನ್ನು ಪ್ರತ್ಯೇಕ ಪಟ್ಟಿಯಲ್ಲಿ ಇಟ್ಟವನು ಪಟ್ಟಿಯೊಂದನ್ನೇ ತಿದ್ದಿದರೆ ಸಾಕು. ತುಣುಕಿನಲ್ಲೇ ಬೆರೆಸಿದವನು ಪ್ರತಿಯೊಂದು ಹಾಳೆಯನ್ನೂ ಹುಡುಕಬೇಕು.

ಕನ್ನಡದ ಒಂದು ತೊಡಕು

ಸಂಘಗಳ ಹಳೆಯ ಸಂಚಿಕೆಗಳು ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಉಳಿದಿರುವುದುಂಟು. ಅವನ್ನು ಯೂನಿಕೋಡಿಗೆ ಪರಿವರ್ತಿಸುವ ತುಣುಕಿಗೆ ಅರ್ಕಾವತ್ತು ಒಂದು ಪರೀಕ್ಷೆ. ಹಳೆಯ ಶೈಲಿಯಲ್ಲಿ ಅರ್ಕಾವತ್ತಿನ ಗುರುತು ಕಣ್ಣಿಗೆ ಕಾಣುವಂತೆ ಅಕ್ಷರದ ಅನಂತರ ದಾಖಲಾಗಿರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯಂತೆ 'ರ್' ಮೊದಲು ಬರಬೇಕು. ಒಂದಕ್ಕೊಂದು ಅಕ್ಷರವನ್ನು ಬದಲಿಸುತ್ತ ಹೋಗುವ ತುಣುಕು 'ಕರ್ನಾಟಕ'ವನ್ನು 'ಕನಾರ್ಟಕ' ಮಾಡಿಬಿಡುತ್ತದೆ. ನಾಡಿನ ಹೆಸರೇ ಕೆಟ್ಟ ಮೇಲೆ ಸಂಚಿಕೆಯಲ್ಲಿ ಆ ಹೆಸರನ್ನು ಹುಡುಕಿದರೂ ಸಿಗುವುದಿಲ್ಲ.

ಎಚ್ಚರ ತಪ್ಪಿದರೆ

ಹಳೆಯದು ಚೆನ್ನಾಗಿ ನಡೆದಿತ್ತೆಂಬ ಮಾತ್ರಕ್ಕೆ ಹೊಸ ಜಾಗದಲ್ಲಿಯೂ ನಡೆಯುವುದೆಂದು ನಂಬುವುದು ಎಷ್ಟು ಅಪಾಯಕರ ಎಂಬುದಕ್ಕೆ ವೈದ್ಯಕ್ಷೇತ್ರವೇ ಸಾಕ್ಷಿ. ಥೆರಾಕ್-25 ಎಂಬ ಕಿರಣಚಿಕಿತ್ಸೆಯ ಯಂತ್ರದಲ್ಲಿ ಹಿಂದಿನ ಮಾದರಿಗಳ ಪ್ರೋಗ್ರಾಂ ಭಾಗಗಳನ್ನು ಬಳಸಲಾಗಿತ್ತು. ಥೆರಾಕ್-20ರಲ್ಲಿಯೂ ಅಂಥದೇ ದೋಷ ಅಡಗಿತ್ತು. ಆದರೆ ಅಲ್ಲಿ ಯಾಂತ್ರಿಕ ತಡೆಗಳಿದ್ದುದರಿಂದ ಹಾನಿಯಾಗಿರಲಿಲ್ಲ. ಹೊಸ ಯಂತ್ರದಲ್ಲಿ ಆ ತಡೆಗಳನ್ನು ಬಿಟ್ಟು ಪ್ರೋಗ್ರಾಮನ್ನೇ ನೆಚ್ಚಲಾಯಿತು. 1985ರಿಂದ 1987ರವರೆಗೆ ಅಮೆರಿಕ ಮತ್ತು ಕೆನಡಾಗಳಲ್ಲಿ ಆರು ರೋಗಿಗಳಿಗೆ ವಿಪರೀತ ಪ್ರಮಾಣದ ಕಿರಣ ತಗಲಿತು. ಅವರಲ್ಲಿ ಕೆಲವರು ಮೃತಪಟ್ಟರು. ತುಣುಕು ಹೊಸದಾಗಿ ಕೆಡಲಿಲ್ಲ, ಅದನ್ನು ಕಾಯುತ್ತಿದ್ದ ವ್ಯವಸ್ಥೆ ಇಲ್ಲವಾಯಿತು.

ಪಾಲಿಸಬೇಕಾದ ಕ್ರಮ

1. ಪ್ರತಿ ತುಣುಕಿಗೂ ಅದು ಮಾಡುವ ಕೆಲಸವನ್ನೇ ಹೇಳುವ ಹೆಸರಿರಲಿ.
2. ಬರೆದ ತಾರೀಖು, ಎಲ್ಲಿಂದ ದೊರೆಯಿತೆಂಬುದು, ಅನುಸರಿಸಿದ ನಿಯಮ ಇವು ಮೊದಲ ಸಾಲುಗಳಲ್ಲಿರಲಿ.
3. ಉತ್ತರ ಮೊದಲೇ ಗೊತ್ತಿರುವ ಮೂರು ಲೆಕ್ಕಗಳು ಜೊತೆಗಿರಲಿ. ಅವುಗಳಲ್ಲಿ ಒಂದು ತೊಡಕಿನದಾಗಿರಲಿ.
4. ಎಲ್ಲಿ ಸಲ್ಲದೆಂಬುದನ್ನು ಸ್ಪಷ್ಟವಾಗಿ ನಮೂದಿಸಿರಲಿ.
5. ಗುಪ್ತಪದ, ಖಾತೆಯ ಸಂಖ್ಯೆ, ಇತರರ ಖಾಸಗಿ ವಿವರಗಳು ಎಂದಿಗೂ ಸಂಗ್ರಹದಲ್ಲಿ ಸೇರದಿರಲಿ.
6. ಸಂಗ್ರಹದ ಒಂದು ಪ್ರತಿ ಬೇರೆ ಸ್ಥಳದಲ್ಲಿರಲಿ. ವರ್ಷಕ್ಕೊಮ್ಮೆ, ಏಪ್ರಿಲ್ ತಿಂಗಳಲ್ಲಿ ಲೆಕ್ಕದ ಹೊಸ ಪುಸ್ತಕ ತೆರೆಯುವಾಗ, ಎಲ್ಲವನ್ನೂ ತಾಳೆ ನೋಡುವುದು ಒಳಿತು.

ನೂರು ತುಣುಕುಗಳನ್ನು ಕೂಡಿಹಾಕಿದವನಿಗಿಂತ ಹತ್ತನ್ನು ಅರಿತು ಇಟ್ಟುಕೊಂಡವನೇ ಲಾಭದಲ್ಲಿರುತ್ತಾನೆ. ಕೆಲಸ ಮಾಡುವವನು ವರ್ಗವಾಗಿ ಹೋಗಬಹುದು, ನಿವೃತ್ತನಾಗಬಹುದು. ಅವನ ಜಾಗಕ್ಕೆ ಬಂದವನು ಯಾರನ್ನೂ ಕೇಳದೆ, ನಂಬಿಕೆಯಿಂದ ತೆರೆದು ಬಳಸುವಂತಿದ್ದರೆ ಅದೇ ನಿಜವಾದ ಸಂಗ್ರಹ.