ನೆರೆ ಬರುವ ಮೊದಲೇ ನಕ್ಷೆ



ಬ್ರಹ್ಮಗಿರಿಯಲ್ಲಿ ಮಳೆ ಬಿಡದೆ ಹೊಡೆದರೆ ಭಾಗಮಂಡಲದಲ್ಲಿ ಕಾವೇರಿ ದಡ ಮೀರುತ್ತಾಳೆ. ಬೆಟ್ಟದ ಹೊಳೆ ಬೇಗ ಏರುತ್ತದೆ. ಆಗ ಯೋಚಿಸಲು ವೇಳೆ ಇರದು. ಅದೇ ಹೊಳೆ ಕೆಳಗೆ 2018, 2019ರ ಆಗಸ್ಟ್‌ನಲ್ಲಿ ಕುಶಾಲನಗರದ ತಗ್ಗಿನ ಬಡಾವಣೆಗಳನ್ನು ಮುಳುಗಿಸಿತು. 2019ರಲ್ಲಿ ಕರಡಿಗೋಡಿನ ದಂಡೆಯ ಮನೆಗಳನ್ನು ಕೆಡವಿತು. ಆದುದರಿಂದ ಬೇಸಿಗೆಯಲ್ಲೇ ಹೀಗೆ ಮಾಡಿರಿ:

1. ಸರ್ವೆ ನಂಬರುಗಳಿರುವ ಗ್ರಾಮನಕ್ಷೆಯೊಡನೆ, ಹಿರಿಯರನ್ನು ಕರೆದುಕೊಂಡು ಹೊಳೆಯುದ್ದಕ್ಕೂ ನಡೆಯಿರಿ. ಯಾವ ವರ್ಷ ನೀರು ಎಲ್ಲಿಗೆ ಬಂದಿತ್ತೆಂದು ಕೇಳಿ, ಗೋಡೆಯ ಕೆಸರಿನ ಕಲೆ ನೋಡಿ, ಗುರುತು ಹಾಕಿರಿ.

2. ಗಾರೆಯವರು ಮಟ್ಟ ನೋಡುವ ನೀರಿನ ಕೊಳವೆಯಿಂದ ಆ ಎತ್ತರವನ್ನು ಅಕ್ಕಪಕ್ಕದ ಮನೆ, ಕೊಟ್ಟಿಗೆಗಳಿಗೆ ಹೋಲಿಸಿರಿ. ಹೊಳೆಯ ನೀರು ಇಳಿಜಾರಾಗಿ ಹರಿಯುವುದರಿಂದ ದೂರದ ಮನೆಗೆ ಆ ಗುರುತು ಸಲ್ಲದು. ಅಲ್ಲಿ ಬೇರೆ ಗುರುತು ಹುಡುಕಬೇಕು.

3. ಪದೇಪದೇ ಮುಳುಗುವ ನೆಲಕ್ಕೆ ಕೆಂಪು, ದೊಡ್ಡ ನೆರೆಗೆ ಮಾತ್ರ ಮುಳುಗುವುದಕ್ಕೆ ಹಳದಿ, ಮುಳುಗದ್ದಕ್ಕೆ ಹಸಿರು ಬಣ್ಣ ಬಳಿಯಿರಿ. ಕಡಿದ ಗುಡ್ಡದ ಬುಡಕ್ಕೆ ಹಸಿರು ಬೇಡ. 2018ರಲ್ಲಿ ಕೊಡಗಿನ ಗುಡ್ಡಗಳೇ ಜರಿದವು.

ಕೆಂಪು ನೆಲದಲ್ಲಿ ಗದ್ದೆಯಿರಲಿ, ಮನೆ ಕೊಟ್ಟಿಗೆ ಬೇಡ. ಬೀಜದ ಭತ್ತ ಹಸಿರು ನೆಲದಲ್ಲಿರಲಿ. “ನಮ್ಮಲ್ಲಿಗೆ ಬಂದೇ ಇಲ್ಲ” ಎಂದು ನೆಚ್ಚಬೇಡಿರಿ. ಹೊಳೆ ಹಳದಿಯತ್ತ ಏರುವ ಮೊದಲೇ ದನಗಳ ಹಗ್ಗ ಬಿಚ್ಚಿ, ಮಕ್ಕಳು ಮುದುಕರೊಡನೆ ಮೇಲಕ್ಕೆ ಹೊರಡಿರಿ.

— ನಿಮ್ಮ ಗ್ರಾಮಸೇವಕ